ಒಟಿಪಿ ಬರುವುದು ನಿಮ್ಮ ಫೋನಿಗಲ್ಲ, ನಂಬರಿಗೆ

ಹಣ ಕಳಿಸುವಾಗ ಬ್ಯಾಂಕಿನಿಂದ ಒಟಿಪಿ ಬರುತ್ತದೆ, ಒತ್ತುತ್ತೇವೆ, ಕೆಲಸ ಮುಗಿಯಿತು. ಫೋನ್ ಜೇಬಿನಲ್ಲೇ ಇದೆ, ಇನ್ನೇನು ಭಯ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬ್ಯಾಂಕು ಮೆಸೇಜ್ ಕಳಿಸುವುದು ನಂಬರಿಗೆ. ಆ ನಂಬರು ಈಗ ಯಾವ ಸಿಮ್‌ನಲ್ಲಿದೆ, ಎಲ್ಲಿದೆ ಅನ್ನುವುದು ಮೊಬೈಲ್ ಕಂಪನಿಯ ದಾಖಲೆಯಲ್ಲಿರುವ ಒಂದು ಸಾಲು ಅಷ್ಟೇ. ಅದನ್ನು ಯಾರಾದರೂ ತಿದ್ದಿದರೆ ಒಟಿಪಿ ಅವರ ಪಾಲು.

ತಿದ್ದಲು ಸುಲಭದ ದಾರಿ ಬಾಯಿಮಾತು. ವಂಚಕ ನಿಮ್ಮ ಹೆಸರು ಹೇಳಿಕೊಂಡು 'ಸಿಮ್ ಕಳೆದುಹೋಯಿತು, ಹೊಸದು ಕೊಡಿ' ಅಂತ ಕಂಪನಿಯವರನ್ನು ನಂಬಿಸಿದರೆ ಸಾಕು. 2019ರಲ್ಲಿ ಟ್ವಿಟರ್ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿಯವರ ನಂಬರನ್ನೇ ಎಗರಿಸಿ, ಅವರದೇ ಖಾತೆಯಿಂದ ಟ್ವೀಟ್ ಮಾಡಿದ್ದರು! ನಿಮ್ಮ ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಹೋಗಿ ಬಾರದೇ ಇದ್ದರೆ ಸುಮ್ನೆ ಕೂರಬೇಡಿ.

ಇನ್ನೊಂದು ದಾರಿಯಲ್ಲಿ ಸಿಗ್ನಲ್ ಕೂಡ ಹೋಗುವುದಿಲ್ಲ. ಮೊಬೈಲ್ ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಎಸ್‌ಎಸ್7 ಎಂಬ ವ್ಯವಸ್ಥೆ ಇದೆ. ಅದು 1970ರ ದಶಕದ್ದು. ಆಗ ಇದ್ದಿದ್ದೇ ಕೆಲವು ಟೆಲಿಫೋನ್ ಕಂಪನಿಗಳು, ಹಾಗಾಗಿ ಕೇಳುತ್ತಿರುವವರು ಯಾರು ಅಂತ ಪರೀಕ್ಷಿಸುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ನೀವು ಹೊರದೇಶಕ್ಕೆ ಹೋದಾಗ ಅಲ್ಲಿನ ಕಂಪನಿ 'ಈ ಗ್ರಾಹಕರು ನಮ್ಮಲ್ಲಿದ್ದಾರೆ, ಮೆಸೇಜ್ ಇತ್ತ ಕಳಿಸಿ' ಅನ್ನುತ್ತದೆ. ರೋಮಿಂಗ್ ನಡೆಯುವುದೇ ಹೀಗೆ. ಈ ಜಾಲದೊಳಗೆ ಕಾಲಿಟ್ಟ ಕಳ್ಳನೂ ಅದೇ ಮಾತು ಹೇಳಬಹುದು. 2014ರಲ್ಲಿ ಜರ್ಮನಿಯ ಸಂಶೋಧಕರು ಈ ದೌರ್ಬಲ್ಯವನ್ನು ಎಲ್ಲರೆದುರೇ ಬಿಚ್ಚಿಟ್ಟರು. ಮೂರು ವರ್ಷವೂ ಆಗಿರಲಿಲ್ಲ, ಅದೇ ದೇಶದಲ್ಲಿ ಕಳ್ಳರು ಮೊದಲು ಜನರ ಬ್ಯಾಂಕ್ ಪಾಸ್‌ವರ್ಡ್ ಕದ್ದು, ಆಮೇಲೆ ಒಟಿಪಿಯನ್ನು ಎಸ್‌ಎಸ್7 ಮೂಲಕ ತಮ್ಮತ್ತ ತಿರುಗಿಸಿಕೊಂಡು, ಖಾತೆ ಬರಿದು ಮಾಡಿದರು.

ಇಷ್ಟೆಲ್ಲ ಕಷ್ಟ ಯಾಕೆ ಅನ್ನುವವರು ನಕಲಿ ವೆಬ್‌ಸೈಟಿನಲ್ಲಿ ನಿಮ್ಮ ಕೈಯಿಂದಲೇ ಒಟಿಪಿ ಹಾಕಿಸಿಕೊಳ್ಳುತ್ತಾರೆ, ಇಲ್ಲವೇ ಮೆಸೇಜ್ ಓದುವ ಅನುಮತಿ ಕೇಳುವ ಆ್ಯಪ್ ಒಂದನ್ನು ದಾಟಿಸುತ್ತಾರೆ. ನನ್ನ ಪ್ರಕಾರ ಜಾಸ್ತಿ ಜನ ಬೀಳುವುದು ಇಲ್ಲೇ.

ಹಾಗಂತ ಎಸ್‌ಎಂಎಸ್ ಪೂರ್ತಿ ದಂಡವಲ್ಲ. ಬರೀ ಪಾಸ್‌ವರ್ಡಿಗಿಂತ ಎಷ್ಟೋ ವಾಸಿ. ಎಷ್ಟು ಹಣ, ಯಾರಿಗೆ ಅಂತ ಮೆಸೇಜಿನಲ್ಲೇ ಬರೆದಿದ್ದರೆ ಓದಿ, ನಾವು ಅದನ್ನು ಓದುವುದೇ ಇಲ್ಲ. ಇದಕ್ಕಿಂತ ಗಟ್ಟಿಯಾದದ್ದು ಗುಪ್ತ ಕೀಲಿಯನ್ನು, ಅಂದರೆ ಇದು ನೀವೇ ಅಂತ ಬ್ಯಾಂಕಿಗೆ ಸಾಬೀತು ಮಾಡುವ ರಹಸ್ಯ ಸಂಕೇತವನ್ನು, ಫೋನಿನೊಳಗೇ ಇಟ್ಟುಕೊಳ್ಳುವ ಬ್ಯಾಂಕ್ ಆ್ಯಪ್. ಅಲ್ಲಿ ನಂಬರು ಕದ್ದರೂ ಕೀಲಿ ಸಿಗುವುದಿಲ್ಲ. ಆದರೆ ಆ ಆ್ಯಪನ್ನು ಹೊಸ ಫೋನಿಗೆ ಹಾಕಿಕೊಳ್ಳುವಾಗ ನೀವೇ ಹೌದಾ ಅಂತ ತಿಳಿಯಲು ಬ್ಯಾಂಕು ಏನು ಕಳಿಸುತ್ತದೆ ನೋಡಿ. ಎಷ್ಟೋ ಕಡೆ ಅದೂ ಎಸ್‌ಎಂಎಸ್ಸೇ.