ಪದ ಪರಿಚಯ: ಚೆದುರುವ ಮಣ್ಣು

ನೀರು ತಾಗಿದ ಕೂಡಲೇ ಜೇಡಿಕಣಗಳು ಒಂದನ್ನೊಂದು ಬಿಟ್ಟು ತೇಲತೊಡಗಿದರೆ ಅದು ಚೆದುರುವ ಮಣ್ಣು. ಉಪ್ಪು ಎಷ್ಟಿದೆ ಎಂಬುದೊಂದರಿಂದಲೇ ಇದನ್ನು ಹೇಳಲಾಗದು. ಯಾವ ಉಪ್ಪು, ಆಮೇಲೆ ಬೀಳುವ ನೀರು ಎಂಥದ್ದು ಎಂಬುದನ್ನೂ ನೋಡಬೇಕು.

ಜೇಡಿಕಣಗಳು 2 ಮೈಕ್ರಾನ್‌ಗಿಂತ ಸಣ್ಣ ಹಾಳೆಗಳು, ಮೈಮೇಲೆ ಋಣ ವಿದ್ಯುದಂಶ. ಕ್ಯಾಲ್ಸಿಯಂ ಇದ್ದರೆ ಹಾಳೆಗಳು ಗುಂಪುಗೂಡಿ, ನಡುವೆ ನೀರು, ಗಾಳಿ ಆಡುವಷ್ಟು ದೊಡ್ಡ ರಂಧ್ರಗಳು ಉಳಿಯುತ್ತವೆ. ಸೋಡಿಯಂಗೆ ಕ್ಯಾಲ್ಸಿಯಂನ ಅರ್ಧದಷ್ಟೇ ವಿದ್ಯುದಂಶ, ಹಿಡಿತ ಸಡಿಲ. ಮಣ್ಣಿನ ನೀರು ಚೆನ್ನಾಗಿ ಉಪ್ಪಾಗಿರುವಷ್ಟು ಕಾಲ ಈ ದೋಷ ಹೊರಬೀಳುವುದೇ ಇಲ್ಲ, ನೀರು ಸರಾಗವಾಗಿ ಇಂಗುತ್ತದೆ. ಮಳೆ ಬಂದು ಉಪ್ಪು ತೊಳೆದುಹೋದ ಮೇಲೆ ಹಾಳೆಗಳು ಬಿಡಿಸಿಕೊಂಡು ರಂಧ್ರಗಳ ಬಾಯಿ ಮುಚ್ಚುತ್ತವೆ. ಒಣಗಿದರೆ ಮೇಲ್ಪದರ ಗಟ್ಟಿ.

ಬೆಂಗಳೂರಿನ ಅಪಾರ್ಟ್‌ಮೆಂಟ್ ತೋಟಗಳಲ್ಲಿ ಇದಕ್ಕೆ ದಾರಿ ಸಲೀಸು. ಸಾಫ್ಟ್‌ನರ್ ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಮಾಮೂಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಆ ಸೋಡಿಯಂ ತೆಗೆಯುವುದಿಲ್ಲ, ಅದೇ ನೀರು ಹುಲ್ಲಿಗೆ. ಇಲ್ಲಿನ ಕೆಂಪು ಮಣ್ಣಿನ ಜೇಡಿ ಹೆಚ್ಚಾಗಿ ಕಯೋಲಿನೈಟ್ ಎಂಬ ಬಗೆಯದು, ಎರೆಭೂಮಿಯಂತೆ ಉಬ್ಬಿ ಬಿರಿಯುವುದಿಲ್ಲ. ಹಾಗಾಗಿ ಬಿರುಕು ಹುಡುಕಬೇಡಿ, ನಿಂತ ನೀರು ನೋಡಿ.

ಪರೀಕ್ಷೆ: ಗೋಲಿ ಗಾತ್ರದ ಮಣ್ಣಿನ ಹೆಂಟೆಯನ್ನು ಡಿಸ್ಟಿಲ್ಡ್ ವಾಟರ್ ಇರುವ ಗಾಜಿನ ಲೋಟಕ್ಕೆ ಮೆಲ್ಲಗೆ ಇಳಿಸಿ, ಅಲ್ಲಾಡಿಸದೆ ಬಿಡಿ. ಕುಸಿದು ಗುಡ್ಡೆಯಾದರೆ ಅದು ಬರೀ ಕುಸಿತ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಚೆದುರುವಿಕೆ. ನಲ್ಲಿ ನೀರು ಬೇಡ, ಅದರ ಕ್ಯಾಲ್ಸಿಯಂ ದೋಷವನ್ನು ಮುಚ್ಚಿಬಿಡುತ್ತದೆ. ಲ್ಯಾಬ್ ವರದಿಯಲ್ಲಿ ವಿದ್ಯುತ್ ವಾಹಕತೆ (ಕರಗಿದ ಉಪ್ಪಿನ ಅಳತೆ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಚೌಳು, ಅಂದರೆ ಉಪ್ಪು ಮಣ್ಣು. ವಿನಿಮಯ ಸೋಡಿಯಂ, ಅಂದರೆ ಜೇಡಿಗೆ ಅಂಟಿದ ಧನ ಅಯಾನುಗಳಲ್ಲಿ ಸೋಡಿಯಂನ ಪಾಲು, ಶೇ. 15 ದಾಟಿದರೆ ಕ್ಷಾರ, ಇದರ ರಸಸಾರ (pH) ಸಾಮಾನ್ಯವಾಗಿ 8.5ರ ಮೇಲಿರುತ್ತದೆ. ಚೌಳನ್ನು ನೀರು ಹಾಯಿಸಿ ತೊಳೆಯಬಹುದು. ಕ್ಷಾರವನ್ನು ಬರೀ ಒಳ್ಳೆ ನೀರಿನಿಂದ ತೊಳೆದರೆ ಕೆಡುತ್ತದೆ, ಮೊದಲು ಜಿಪ್ಸಂ ಬೇಕು, ಅದರ ಕ್ಯಾಲ್ಸಿಯಂ ಜೇಡಿಯಿಂದ ಸೋಡಿಯಂ ಬಿಡಿಸುತ್ತದೆ. ಜಿಪ್ಸಂ ಲೀಟರಿಗೆ ಸುಮಾರು 2 ಗ್ರಾಂ ಮಾತ್ರ ಕರಗುವುದರಿಂದ ಒಂದೇ ನೀರಿಗೆ ಫಲ ಸಿಗದು. ಬಿಡುಗಡೆಯಾದ ಸೋಡಿಯಂ ಬಸಿದು ಹೋಗಲು ಕಾಲುವೆ ಇಲ್ಲದಿದ್ದರೆ ಜಿಪ್ಸಂ ದಂಡ.

ಕಟ್ಟಡದ ಬುಡದಲ್ಲಿ ಲೆಕ್ಕವೇ ಬೇರೆ. ಸೋಡಿಯಂ ಸಲ್ಫೇಟ್ 10 ನೀರಿನ ಅಣು ಸೇರಿಸಿಕೊಂಡು ಹರಳಾದಾಗ ಗಾತ್ರ ಮೂರು ಪಟ್ಟು ಮೀರಿ, ನೆಲ ಉಬ್ಬುತ್ತದೆ. ಹರಳು ಕರಗಿದರೆ ಉಳಿಯುವ ಪೊಳ್ಳು ಭಾರಕ್ಕೆ ಕುಸಿಯುತ್ತದೆ. ಸಲ್ಫೇಟ್ ಇರುವ ಮಣ್ಣಿಗೆ ಬಲ ಬರಲೆಂದು ಸುಣ್ಣ ಬೆರೆಸಿದರೂ ಅಪಾಯ: ಎಟ್ರಿಂಗೈಟ್ ಎಂಬ ಹರಳು ಹುಟ್ಟಿ ನೆಲ ಮತ್ತಷ್ಟು ಉಬ್ಬೀತು. ಸುಣ್ಣದ ಚೀಲ ಬಿಚ್ಚುವ ಮುಂಚೆ ಸಲ್ಫೇಟ್ ಅಳೆಸಿ.