ಟೈ-ಇನ್ ಕಾಮಿಕ್: ಇನ್ನೊಬ್ಬರ ಆಕಾಶನೌಕೆಗೆ ಗೆರೆ ಎಳೆಯುವ ಕೆಲಸ

ಟಿವಿಯಲ್ಲಿ ಹೆಸರು ಮಾಡಿದ ಧಾರಾವಾಹಿಯೊಂದರ ಪಾತ್ರಗಳನ್ನು, ಅದರ ಹಕ್ಕುದಾರರಿಂದ ಲೈಸೆನ್ಸ್ ಪಡೆದು, ಪ್ರಕಾಶನ ಸಂಸ್ಥೆಯೊಂದು ಚಿತ್ರಕತೆಯಾಗಿ ಅಚ್ಚು ಹಾಕಿಸಿದರೆ ಅದು ಟೈ-ಇನ್ ಕಾಮಿಕ್. ಟೈ-ಇನ್ ಎಂಬ ಮಾತು ಕಾದಂಬರಿಗೂ ಆಟಿಕೆಗೂ ಟೀ ಶರ್ಟಿಗೂ ಸಲ್ಲುತ್ತದೆ. ಆದರೆ ಕಾಮಿಕ್‌ನ ಪಾಡು ಬೇರೆ. ಕಾದಂಬರಿ ಬರೆಯುವವರು ‘ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದ’ ಎಂದು ಬರೆದು ಮುಂದೆ ಹೋಗಬಹುದು. ಯಾವ ನಟನ ಹುಬ್ಬು ಎಂಬುದನ್ನು ಓದುಗರೇ ನೆನೆಸಿಕೊಳ್ಳುತ್ತಾರೆ. ಚಿತ್ರ ಬರೆಯುವವರಿಗೆ ಆ ಸವಲತ್ತಿಲ್ಲ. ಆ ಹುಬ್ಬನ್ನು ಬರೆಯಲೇಬೇಕು, ಅದು ಜನ ವಾರವಾರ ನೋಡಿ ಬಲ್ಲ ಹುಬ್ಬೇ ಆಗಿರಬೇಕು. ಅದೂ ಒಂದು ಸಲವಲ್ಲ. ಅಮೆರಿಕದ ಮಾಸಿಕ ಕಾಮಿಕ್ ಒಂದರಲ್ಲಿ ಇಪ್ಪತ್ತು-ಇಪ್ಪತ್ತೆರಡು ಪುಟ, ಪುಟಕ್ಕೆ ಐದಾರು ಪ್ಯಾನೆಲ್, ಅಂದರೆ ಚಿತ್ರದ ಚೌಕ, ಎಂದುಕೊಂಡರೂ ನೂರು ದಾಟುತ್ತದೆ.

ಇದರಲ್ಲಿ ಬಗೆಗಳಿವೆ. ಟಿವಿಯಲ್ಲಿ ಬಂದ ಕತೆಯನ್ನೇ ಪುಟಕ್ಕೆ ಇಳಿಸುವುದುಂಟು, ಎರಡು ಕಂತುಗಳ ನಡುವೆ ನಡೆದಿರಬಹುದಾದ ಹೊಸ ಕತೆ ಹೇಳುವುದುಂಟು, ಧಾರಾವಾಹಿ ನಿಂತ ಮೇಲೆ ಅದನ್ನು ಮುಂದುವರಿಸುವುದೂ ಉಂಟು. ಸೈನ್ಸ್ ಫಿಕ್ಷನ್‌ಗೆ ಎರಡನೆಯದು ಚೆನ್ನಾಗಿ ಒಗ್ಗುತ್ತದೆ. ವಾರಕ್ಕೊಂದು ಗ್ರಹಕ್ಕೆ ಹೋಗಿಬರುವವರಿಗೆ ಇನ್ನೊಂದು ಗ್ರಹ ಹೆಚ್ಚಾದರೆ ಯಾರಿಗೂ ತೊಂದರೆಯಿಲ್ಲ.

ಈ ಕಸುಬಿನ ಮಾತು ಬಂದಾಗಲೆಲ್ಲ ಆಲ್ಬರ್ಟೊ ಜೊಲಿಟ್ಟಿ ಅವರ ಹೆಸರು ಬರುತ್ತದೆ. ಅಮೆರಿಕದ ಗೋಲ್ಡ್ ಕೀ ಸಂಸ್ಥೆ ‘ಸ್ಟಾರ್ ಟ್ರೆಕ್’ ಕಾಮಿಕ್ ಶುರು ಮಾಡಿದ್ದು 1967ರಲ್ಲಿ. ಮೊದಲ ಎರಡು ಸಂಚಿಕೆಗಳ ಚಿತ್ರ ನೆವಿಯೊ ಝೆಕ್ಕಾರಾ ಅವರದು, ಆಮೇಲೆ ವರ್ಷಗಟ್ಟಲೆ ಜೊಲಿಟ್ಟಿ ಅವರದು. ಇಬ್ಬರೂ ಇಟಲಿಯವರು. ರೋಮ್‌ನಲ್ಲಿ ಕೂತು ಬರೆಯುತ್ತಿದ್ದ ಜೊಲಿಟ್ಟಿ ಆಗಿನ್ನೂ ಆ ಧಾರಾವಾಹಿಯನ್ನು ಕಣ್ಣಾರೆ ನೋಡಿರಲಿಲ್ಲ. ಕೈಯಲ್ಲಿದ್ದದ್ದು ಪ್ರಚಾರಕ್ಕೆಂದು ತೆಗೆದ ಫೋಟೊಗಳು. ಫೋಟೊದಲ್ಲಿ ನೌಕೆ ಹೇಗಿದೆ ಎಂದು ಕಾಣುತ್ತದೆ, ಹೇಗೆ ಓಡುತ್ತದೆ ಎಂದು ಕಾಣುವುದಿಲ್ಲ. ಹಾಗಾಗಿ ಆರಂಭದ ಸಂಚಿಕೆಗಳಲ್ಲಿ ಎಂಟರ್‌ಪ್ರೈಸ್ ನೌಕೆಯ ಎರಡು ಉದ್ದನೆಯ ಎಂಜಿನ್ ಕೊಳವೆಗಳ ಹಿಂಬದಿಯಿಂದ ರಾಕೆಟ್ಟಿನಂತೆ ಬೆಂಕಿ ಉಗುಳುತ್ತದೆ. ಟಿವಿಯಲ್ಲಿ ಆ ನೌಕೆಗೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ.

ಅಭಿಮಾನಿಗಳು ಆ ಬೆಂಕಿಯನ್ನು ತೋರಿಸಿ ಇವತ್ತಿಗೂ ನಗುತ್ತಾರೆ. ನಗಲಿ. ಆದರೆ ಅದೇ ಪುಟಗಳಲ್ಲಿ ಜೊಲಿಟ್ಟಿ ಬರೆದ ಬಂಡೆ, ಬಳ್ಳಿ, ಮೃಗಗಳನ್ನು ನೋಡಿ. ‘ಟುರೊಕ್’ ಎಂಬ ಕಾಮಿಕ್‌ಗೆ ವರ್ಷಾನುಗಟ್ಟಲೆ ಡೈನೋಸಾರ್ ಬರೆದು ಪಳಗಿದ ಕೈ ಅದು. ಟಿವಿಯ ಗ್ರಹಗಳಾದರೋ ಬಣ್ಣ ಬಳಿದ ಪರದೆಯ ಮುಂದಿಟ್ಟ ಹಗುರ ಬಂಡೆಗಳು. ಮೂಲಕ್ಕೆ ಹೋಲಿಕೆ ತಪ್ಪಿದರೂ ಜಗತ್ತು ನಿಜವೆನಿಸುವುದು ಸಾಧ್ಯ. ಹೋಲಿಕೆ ಸರಿಯಿದ್ದೂ ಪುಟ ಸತ್ತಿರುವುದು ಅದಕ್ಕಿಂತ ಹೆಚ್ಚು ಸಾಮಾನ್ಯ.

ಬ್ರಿಟನ್ನಿನಲ್ಲಿ ಇನ್ನೂ ತಮಾಷೆ. ಅಲ್ಲಿನ ಮಕ್ಕಳ ವಾರಪತ್ರಿಕೆಯೊಂದರಲ್ಲಿ ‘ಸ್ಟಾರ್ ಟ್ರೆಕ್’ ಚಿತ್ರಕತೆ 1969ರ ಜನವರಿಯಲ್ಲೇ ಶುರುವಾಯಿತು, ಬಿಬಿಸಿ ಆ ಧಾರಾವಾಹಿಯನ್ನು ತೋರಿಸಲು ಹೊರಟಿದ್ದು ಜುಲೈನಲ್ಲಿ. ಟಿವಿಗಿಂತ ಮುಂಚೆ ಟೈ-ಇನ್ ಬಂದಿತ್ತು. ಮೊದಮೊದಲ ವಾರಗಳಲ್ಲಿ ನಾಯಕ ಕ್ಯಾಪ್ಟನ್ ಕರ್ಕ್‌ನ ಹೆಸರೇ ‘ಕ್ಯಾಪ್ಟನ್ ಕರ್ಟ್’ ಎಂದು ಅಚ್ಚಾಗಿದೆ.

ಈಗ ಹಾಗೆ ನಡೆಯುವುದಿಲ್ಲ. ಫೋಟೊಗಳ ರಾಶಿ, ಸೆಟ್ಟಿನ ನಕ್ಷೆ, ಸಮವಸ್ತ್ರದ ಬಣ್ಣದ ಪಟ್ಟಿ, ನೌಕೆಯ ತ್ರೀಡಿ ಮಾದರಿ ಎಲ್ಲ ಸಿಗುತ್ತವೆ. ಮಾದರಿಯನ್ನು ಪರದೆಯ ಮೇಲೆ ಬೇಕಾದ ಕೋನಕ್ಕೆ ತಿರುಗಿಸಿಕೊಂಡು ಅದರ ಮೇಲೆಯೇ ಗೆರೆ ಎಳೆಯಬಹುದು. ಮುಂಚೆ ಎಂಟರ್‌ಪ್ರೈಸ್‌ನ ತಟ್ಟೆಯಂಥ ಮುಂಭಾಗ, ಅದರ ಕೆಳಗಿನ ಒಡಲು, ಎರಡು ಕೊಳವೆ ಇಷ್ಟನ್ನೂ ಒಂದೇ ದೃಷ್ಟಿಕೋನಕ್ಕೆ ಹೊಂದಿಸಲು ಅರ್ಧ ದಿನ ಕಳೆಯುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ. ಮುಖಕ್ಕೆ ಮಾತ್ರ ಅಂಥ ಬಿಡುಗಡೆ ಸಿಕ್ಕಿಲ್ಲ.

ಮುಖದ ಹೋಲಿಕೆಗೆ ಈ ಕ್ಷೇತ್ರದಲ್ಲಿ ‘ಲೈಕ್‌ನೆಸ್’ ಎನ್ನುತ್ತಾರೆ. ಕೆಲಸದ ತಲೆನೋವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಇದೆ. ಹೊರಗಿನವರು ಅನ್ಯಗ್ರಹದವರನ್ನು ಬರೆಯುವುದು ಕಷ್ಟ ಎಂದುಕೊಳ್ಳುತ್ತಾರೆ. ಅದು ತಲೆಕೆಳಗು. ‘ಸ್ಟಾರ್ ಟ್ರೆಕ್’ನ ಅನ್ಯಗ್ರಹದ ಪಾತ್ರ ಸ್ಪಾಕ್‌ನ ಚೂಪು ಕಿವಿ, ಮೇಲೇರಿದ ಹುಬ್ಬು, ಹಣೆಯ ಮೇಲೆ ನೇರ ಕತ್ತರಿಸಿದ ಕೂದಲು ಇಷ್ಟು ಬಂದರೆ ಮೂರು ಗೆರೆಗೇ ಸ್ಪಾಕ್ ಎದ್ದು ನಿಲ್ಲುತ್ತಾನೆ. ಕಷ್ಟ ಕೊಡುವವನು ಪಕ್ಕದಲ್ಲಿರುವ ಕರ್ಕ್, ಅಂದರೆ ಕಣ್ಣು, ಮೂಗು, ದವಡೆ ಎಲ್ಲ ಅಳತೆಗೆ ಸರಿಯಾಗಿರುವ ಸುಂದರ ಪುರುಷ. ಅಂಥ ಮುಖದಲ್ಲಿ ಹಿಡಿದುಕೊಳ್ಳಲು ಕೊಕ್ಕೆಯೇ ಇರುವುದಿಲ್ಲ. ಗೆರೆ ಕೂದಲೆಳೆಯಷ್ಟು ಸರಿದರೆ ಅವನು ಇನ್ಯಾರೋ ಆಗಿಬಿಡುತ್ತಾನೆ. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಸೈನ್ಸ್ ಫಿಕ್ಷನ್ ಧಾರಾವಾಹಿಯಲ್ಲಿ ನಾಯಕ ‘ಡಾಕ್ಟರ್’ ಆಗಿದ್ದ ಟಾಮ್ ಬೇಕರ್ ಅವರಂಥ ನಟರು ಚಿತ್ರಗಾರರ ಪಾಲಿನ ಪುಣ್ಯ: ಗುಂಗುರು ಕೂದಲು, ಅಗಲ ಕಣ್ಣು, ಹಲ್ಲು ಕಾಣುವ ನಗು, ನೆಲ ಮುಟ್ಟುವ ಸ್ಕಾರ್ಫ್. ಕತ್ತಲಲ್ಲಿ ನೆರಳಾಗಿ ಬರೆದರೂ ಅದು ಡಾಕ್ಟರೇ. 1979ರ ಅಕ್ಟೋಬರ್‌ನಲ್ಲಿ ‘ಡಾಕ್ಟರ್ ಹೂ ವೀಕ್ಲಿ’ ಆರಂಭವಾದಾಗ ಅದರ ಮುಖ್ಯ ಚಿತ್ರಕತೆಗೆ ಚಿತ್ರ ಬರೆದ ಡೇವ್ ಗಿಬನ್ಸ್ ಈ ಮುಖವನ್ನು ಅರೆದು ಕುಡಿದಿದ್ದರು. ಮುಂದೆ ನಟ ಬದಲಾಗಿ ಪೀಟರ್ ಡೇವಿಸನ್ ಬಂದರು. ತಿಳಿಗೂದಲಿನ, ನಯವಾದ, ಎಳೆ ಮುಖ. ಗಿಬನ್ಸ್ ಅದನ್ನೂ ಹೊಸದಾಗಿ ಕಲಿಯಬೇಕಾಯಿತು.

ಫೋಟೊ ಇಟ್ಟುಕೊಂಡು ನಕಲು ತೆಗೆದರಾಯಿತಲ್ಲ ಎನ್ನಬಹುದು. ಹೊಸಬರು ಬೀಳುವ ಗುಂಡಿ ಅದೇ. ಪ್ರಚಾರದ ಫೋಟೊದಲ್ಲಿ ನಟ ಸ್ಟುಡಿಯೊ ಬೆಳಕಿನಲ್ಲಿ ಸುಮ್ಮನೆ ನಿಂತಿರುತ್ತಾರೆ. ಕತೆಗೆ ಬೇಕಿರುವುದು ಅದೇ ವ್ಯಕ್ತಿ ಮೇಲಿನಿಂದ ಹೇಗೆ ಕಾಣುತ್ತಾರೆ, ಕೂಗುವಾಗ ಬಾಯಿ ಎಷ್ಟು ತೆರೆಯುತ್ತದೆ, ಕೆಳಗಿನಿಂದ ಕೆಂಪು ಬೆಳಕು ಬಿದ್ದರೆ ಕೆನ್ನೆ ಏನಾಗುತ್ತದೆ ಎಂಬುದು. ಅಂಥ ಫೋಟೊ ಇರುವುದಿಲ್ಲ. ಇರುವುದನ್ನೇ ಅಂಟಿಸಿದರೆ, ನೌಕೆ ಸಿಡಿಯುತ್ತಿರುವಾಗಲೂ ನಾಯಕಿ ಕ್ಯಾಮೆರಾಗೆ ಮುಗುಳ್ನಗುತ್ತಿರುತ್ತಾಳೆ. ಮುಖದಲ್ಲಿ ನೂರಾರು ಸಣ್ಣ ಗೆರೆ, ಮೈಗೆ ನಾಲ್ಕೇ ಗೆರೆ ಇರುವ ಬೇತಾಳದಂಥ ಪಾತ್ರಗಳೂ ಹುಟ್ಟುವುದು ಹೀಗೆಯೇ. ಬಲ್ಲವರು ಫೋಟೊಗಳನ್ನು ಮೊದಲೇ ಚೆನ್ನಾಗಿ ನೋಡಿ, ತಲೆಬುರುಡೆಯ ಆಕಾರ ಹಿಡಿದು, ಆಮೇಲೆ ಬದಿಗಿಟ್ಟು ಬರೆಯುತ್ತಾರೆ. ದೊಡ್ಡ ಮುಖ ಬರುವ ಕೆಲವೇ ಪ್ಯಾನೆಲ್‌ಗಳಲ್ಲಿ ಹೋಲಿಕೆಗೆ ಬೆವರು ಸುರಿಸಿ, ಉಳಿದೆಡೆ ನಿಲುವು, ನಡಿಗೆ, ತಲೆ ವಾಲಿಸುವ ರೀತಿಯಿಂದ ಗುರುತು ಕೊಡುತ್ತಾರೆ. ನಾವು ಪರಿಚಿತರನ್ನು ದೂರದಿಂದ ಗುರುತಿಸುವುದು ಕೂಡ ಮೂಗಿನಿಂದಲ್ಲ.

ಹೋಲಿಕೆಗೆ ಕಾನೂನಿನ ಮುಖವೂ ಇದೆ. ಪಾತ್ರದ ಹಕ್ಕು ನಿರ್ಮಾಣ ಸಂಸ್ಥೆಯದಾದರೂ ಮುಖ ನಟರದು. ಒಪ್ಪಂದದಲ್ಲಿ ಅದು ಸೇರಿರದಿದ್ದರೆ, ಸಮವಸ್ತ್ರ, ಕೇಶವಿನ್ಯಾಸ ಸರಿಯಿರಲಿ, ಮುಖ ಮಾತ್ರ ಹೋಲದಿರಲಿ ಎಂಬ ವಿಚಿತ್ರ ಸೂಚನೆ ಬರುತ್ತದೆ. ಸೇರಿದ್ದರೆ ನಟರಿಗೋ ಅವರ ಏಜೆಂಟರಿಗೋ ಪುಟ ನೋಡಿ ತಿದ್ದಿಸುವ ಅಧಿಕಾರ ಇರಬಹುದು. ಕನ್ನಡಿಯಲ್ಲಿ ಕಾಣುವ ತಮ್ಮ ಮುಖಕ್ಕೂ ಚಿತ್ರಗಾರರ ಕಣ್ಣಿಗೆ ಕಂಡ ಮುಖಕ್ಕೂ ತಾಳೆಯಾಗದ ನಟರು ಬೇಕಾದಷ್ಟು.

ಒಪ್ಪಿಗೆ ಒಂದೇ ಸಲ ಸಿಗುವಂಥದ್ದೂ ಅಲ್ಲ. ಕತೆಯ ಸಾರಾಂಶ, ಸಂಭಾಷಣೆ, ಪೆನ್ಸಿಲ್, ಇಂಕು, ಬಣ್ಣ, ಮುಖಪುಟ ಹೀಗೆ ಒಂದೊಂದು ಹಂತದಲ್ಲೂ ಹಕ್ಕುದಾರರ ಕಚೇರಿಗೆ ಕಳಿಸಿ ಕಾಯಬೇಕು. ಪದಕ ಎಡ ಎದೆಗೆ ಬರಬೇಕು, ಈ ಬಂದೂಕು ಹೋದ ಸೀಸನ್ನಿನದು, ಆ ಬಾಗಿಲು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಹೊರಕ್ಕೆ ತೆರೆದುಕೊಳ್ಳುವುದಿಲ್ಲ ಎಂಬಂಥ ಟಿಪ್ಪಣಿಗಳು ಬರುತ್ತವೆ. ಇತ್ತ ಪ್ರೆಸ್ಸಿನ ತಾರೀಖು ಕದಲುವುದಿಲ್ಲ, ಚಿತ್ರಗಾರರಿಗೆ ಸಂದಾಯವಾಗುವುದು ಸಾಮಾನ್ಯವಾಗಿ ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ. ಧಾರಾವಾಹಿ ಇನ್ನೂ ಪ್ರಸಾರದಲ್ಲಿದ್ದರಂತೂ ಇನ್ನೊಂದು ಗಂಡಾಂತರ. ಕಾಮಿಕ್ ಅಂಗಡಿಗೆ ಬರುವ ತಿಂಗಳುಗಳ ಮುಂಚೆಯೇ ಪುಟ ಸಿದ್ಧವಾಗಿರಬೇಕು. ಅಷ್ಟರಲ್ಲಿ ಟಿವಿಯಲ್ಲಿ ಆ ಪಾತ್ರ ಸತ್ತಿರಬಹುದು, ಕೂದಲು ಕತ್ತರಿಸಿಕೊಂಡಿರಬಹುದು, ಪಕ್ಷ ಬದಲಿಸಿರಬಹುದು.

ಕತೆಯ ಮಟ್ಟಿಗೂ ಇದು ಬಾಡಿಗೆ ಮನೆ. ವಾಸಿಸಬಹುದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮುಖ್ಯ ಪಾತ್ರವನ್ನು ಕೊಲ್ಲುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಕೊನೆಯ ಪುಟದಲ್ಲಿ ಎಲ್ಲರೂ ಮೊದಲಿದ್ದಲ್ಲಿಗೆ ಮರಳಬೇಕು. ಕೆಲವೊಮ್ಮೆ ಕೋಣೆಯೊಂದಕ್ಕೆ ಬೀಗವೇ ಹಾಕಿರುತ್ತದೆ. 1964ರ ನವೆಂಬರಿನಿಂದ ‘ಟಿವಿ ಕಾಮಿಕ್’ ಎಂಬ ಬ್ರಿಟಿಷ್ ವಾರಪತ್ರಿಕೆಯಲ್ಲಿ ‘ಡಾಕ್ಟರ್ ಹೂ’ ಚಿತ್ರಕತೆ ಬರುತ್ತಿತ್ತು. ಆದರೆ ಆ ಧಾರಾವಾಹಿಯ ಬಲು ಜನಪ್ರಿಯ ಖಳರಾದ ಡಾಲೆಕ್‌ಗಳ ಲೈಸೆನ್ಸ್ ಹೋದದ್ದು ಎದುರಾಳಿ ಪತ್ರಿಕೆ ‘ಟಿವಿ ಸೆಂಚುರಿ 21’ಕ್ಕೆ. ಹಾಗಾಗಿ ಡಾಕ್ಟರ್ ಒಂದು ಪತ್ರಿಕೆಯಲ್ಲಿ, ಅವನ ವೈರಿಗಳು ಇನ್ನೊಂದರಲ್ಲಿ! ‘ಟಿವಿ ಕಾಮಿಕ್’ನವರು ‘ಟ್ರಾಡ್’ ಎಂಬ ರೋಬಾಟ್‌ಗಳನ್ನು ಹುಟ್ಟಿಸಿಕೊಂಡು ಕೆಲಸ ಸಾಗಿಸಿದರು.

ಇಷ್ಟೆಲ್ಲ ಕಟ್ಟುಪಾಡಿದ್ದೂ ಒಳ್ಳೆಯ ಚಿತ್ರಗಾರರು ಈ ಕೆಲಸಕ್ಕೆ ಬರುವುದಕ್ಕೆ ಕಾರಣವಿದೆ. ಕಾಗದದ ಮೇಲೆ ಬಜೆಟ್ ಎಂಬುದಿಲ್ಲ. 1963ರಲ್ಲಿ ಡಾಲೆಕ್‌ಗಳು ಟಿವಿಗೆ ಬಂದಾಗ ಬಿಬಿಸಿ ಬಳಿ ಇದ್ದದ್ದು ನಾಲ್ಕು ಡಾಲೆಕ್. ಗುಂಪು ತೋರಿಸಲು ಹಿಂದೆ ಫೋಟೊ ಹಲಗೆ ನಿಲ್ಲಿಸಿದ್ದರು. 1965ರಿಂದ 1967ರವರೆಗೆ ಬಂದ ಚಿತ್ರಕತೆಯಲ್ಲಾದರೋ ತಟ್ಟೆಗಳ ಮೇಲೆ ನಿಂತ ಡಾಲೆಕ್‌ಗಳು ಆಕಾಶದಲ್ಲಿ ಹಾರುತ್ತವೆ, ದೊಡ್ಡ ಗೋಳತಲೆಯ ಚಿನ್ನದ ಬಣ್ಣದ ಚಕ್ರವರ್ತಿ ಇದ್ದಾನೆ, ನಗರಗಳಿವೆ, ಸೇನೆಗಳಿವೆ. ಒಂದೊಂದು ಡಾಲೆಕ್‌ನ ಮೈಮೇಲೆ 56 ಅರ್ಧಗೋಳಗಳು ಎಂಬುದನ್ನು ನೆನೆದರೆ ಸೇನೆ ಬರೆಯಬೇಕಾದವರ ಬಗ್ಗೆ ಕನಿಕರ ಹುಟ್ಟುತ್ತದೆ, ಅದು ಬೇರೆ ಮಾತು. ‘ಥಂಡರ್‌ಬರ್ಡ್ಸ್’ ಸೂತ್ರದ ಗೊಂಬೆಗಳ ಧಾರಾವಾಹಿ. ಗೊಂಬೆಗಳಿಗೆ ನಾಲ್ಕು ಹೆಜ್ಜೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. 1966ರಿಂದ ಅದನ್ನು ಪತ್ರಿಕೆಯಲ್ಲಿ ಬಣ್ಣದಲ್ಲಿ ಬರೆದ ಫ್ರಾಂಕ್ ಬೆಲ್ಲಮಿ ಅವಕ್ಕೆ ಮನುಷ್ಯರ ಮೈಕಟ್ಟು ಕೊಟ್ಟು ಓಡಿಸಿದರು, ನೆಗೆಸಿದರು. ಗೊಂಬೆಗಳನ್ನು ಗೊಂಬೆಗಳಂತೆಯೇ ಬರೆದಿದ್ದರೆ ಹೋಲಿಕೆ ನೂರಕ್ಕೆ ನೂರು ಸರಿಯಿರುತ್ತಿತ್ತು, ಓದುವವರು ಯಾರೂ ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ಟೈ-ಇನ್ ಕಲೆಯ ಅಳತೆಗೋಲು ಬೆಲ್ಲಮಿ ಅವರ ಆ ಪುಟಗಳು.

ಮೂಲ ನಿಂತರೂ ಟೈ-ಇನ್ ನಿಲ್ಲಬೇಕೆಂದಿಲ್ಲ. ‘ಸ್ಟಾರ್ ಟ್ರೆಕ್’ ಟಿವಿಯಿಂದ ಮರೆಯಾದದ್ದು 1969ರಲ್ಲಿ, ಗೋಲ್ಡ್ ಕೀ ಕಾಮಿಕ್ 61 ಸಂಚಿಕೆ ಕಂಡು ನಿಂತದ್ದು 1979ರಲ್ಲಿ. 1996ರ ಒಂದೇ ಒಂದು ಟಿವಿ ಚಿತ್ರದಲ್ಲಿ ಡಾಕ್ಟರ್ ಆಗಿದ್ದ ಪಾಲ್ ಮೆಕ್‌ಗ್ಯಾನ್ ಅವರ ಮುಖವನ್ನು ಮಾರ್ಟಿನ್ ಗೆರಾಟಿ ಮತ್ತಿತರರು ‘ಡಾಕ್ಟರ್ ಹೂ ಮ್ಯಾಗಜೀನ್’ಗಾಗಿ 2005ರವರೆಗೂ ಬರೆಯುತ್ತ ಹೋದರು.

ಬರೆದವರಿಗೆ ಉಳಿಯುವುದೇನು? ಹಕ್ಕಂತೂ ಸಾಮಾನ್ಯವಾಗಿ ಉಳಿಯುವುದಿಲ್ಲ. ತಾವೇ ಹುಟ್ಟಿಸಿದ ಹೊಸ ರಾಕ್ಷಸನೂ ಒಪ್ಪಂದದ ಪ್ರಕಾರ ಹಕ್ಕುದಾರರ ಪಾಲಾಗುವುದೇ ಹೆಚ್ಚು. ಮೂಲ ಪುಟಗಳನ್ನು ಸಂಗ್ರಾಹಕರಿಗೆ ಮಾರಲು ಬಿಡುತ್ತಾರೆಯೇ ಎಂಬುದನ್ನೂ ಸಹಿ ಹಾಕುವ ಮುಂಚೆ ಓದಿಕೊಳ್ಳಬೇಕು. ಅಪರೂಪಕ್ಕೆ ದಾರಿ ಹಿಂದುಮುಂದಾಗುವುದುಂಟು. 1980ರಲ್ಲಿ ಪ್ಯಾಟ್ ಮಿಲ್ಸ್ ಕತೆಗೆ ಗಿಬನ್ಸ್ ಬರೆದ ಬೀಪ್ ದ ಮೀಪ್, ಮುದ್ದು ಮುಖದ ಕ್ರೂರ ಪ್ರಾಣಿ, 2023ರ ನವೆಂಬರ್‌ನಲ್ಲಿ ಟಿವಿಯ ‘ಡಾಕ್ಟರ್ ಹೂ’ಗೇ ಬಂತು, ಮಿಲ್ಸ್ ಮತ್ತು ಗಿಬನ್ಸ್ ಹೆಸರಿನ ಸಮೇತ. ಈ ಸಲ ಹೋಲಿಕೆಯ ತಲೆನೋವು ಗೊಂಬೆ ಮಾಡುವವರದ್ದಾಗಿತ್ತು.

ಈ ಕೆಲಸಕ್ಕೆ ಸೇರಬೇಕೆಂದಿರುವವರು ಮಾದರಿಯಾಗಿ ಜನಪ್ರಿಯ ನಟರ ಸುಂದರ ಭಾವಚಿತ್ರ ಕಳಿಸುವುದು ವಾಡಿಕೆ. ಸಂಪಾದಕರಿಗೆ ಅದರಿಂದ ಹೆಚ್ಚೇನೂ ತಿಳಿಯದು. ಒಂದೇ ದೃಶ್ಯದ ನಾಲ್ಕೈದು ಪುಟ, ಅದರಲ್ಲಿ ಒಂದೇ ಮುಖ ಮೂರು ಕೋನದಲ್ಲಿ, ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ದೂರದಲ್ಲಿ ಸಣ್ಣದಾಗಿ. ಪಕ್ಕದಲ್ಲಿ ಒಂದು ನಿಯಂತ್ರಣ ಕೊಠಡಿ, ಅದರ ಗುಂಡಿಗಳು ಪುಟದಿಂದ ಪುಟಕ್ಕೆ ಜಾಗ ಬದಲಿಸದ ಹಾಗೆ. ಅವರು ಹುಡುಕುವುದು ಇದನ್ನು.