ನಗಿಸಬೇಡಿ, ಕೂಸು ನೋಡುತ್ತಿರಲಿ

ಮಗುವಿನ ಚಿತ್ರ ಬರೆಸಲು ಬರುವವರದ್ದು ಬಹುತೇಕ ಒಂದೇ ಬೇಡಿಕೆ: ‘ನಗ್ತಾ ಇರೋ ಹಾಗೆ ಬರ್ಕೊಡಿ.’ ಶಿರಸಿ ಪೇಟೆಯವರಿರಲಿ, ಕಾರವಾರ, ಅಂಕೋಲಾ ಕಡೆಯಿಂದ ಘಟ್ಟ ಹತ್ತಿ ಬಂದವರಿರಲಿ, ಮೊಬೈಲ್ ತೆಗೆದು ಮೊದಲು ತೋರಿಸುವುದೂ ನಗುವ ಫೋಟೋವನ್ನೇ. ಕೂಸು ಏನನ್ನೋ ದಿಟ್ಟಿಸಿ ನೋಡುತ್ತಿರುವ ಫೋಟೋ ಇದೆಯಾ ಅಂತ ನಾನು ಕೇಳುತ್ತೇನೆ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. ಏನು ಮಾಡುವುದು, ತೈಲವರ್ಣದಲ್ಲಿ ಮಗುವಿನ ಭಾವ ಹಿಡಿಯಲು ಹೊರಟವರಿಗೆ ನಗುವಿನಷ್ಟು ಕಷ್ಟದ್ದು ಬೇರೆ ಇಲ್ಲ.

ನಿಜವಾದ ನಗು ಬರೀ ಬಾಯಲ್ಲಿ ಇರುವುದಿಲ್ಲ. ಕಣ್ಣಿನ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕೆನ್ನೆ ಮೇಲೇರುತ್ತದೆ, ಕೆಳರೆಪ್ಪೆ ಉಬ್ಬಿ ಕಣ್ಣು ಸಣ್ಣದಾಗುತ್ತದೆ. ಗುಂಡು ಕೆನ್ನೆಯ ಮಗುವಾದರೆ ಕಣ್ಣೇ ಮುಚ್ಚಿಹೋಗುತ್ತದೆ. ಮಗುವಿನ ಮುಖದಲ್ಲಿ ಮಾತಾಡುವ ಜಾಗವೇ ಕಣ್ಣು, ಅಲ್ವಾ? ಕೆಲವರು ಕಣ್ಣನ್ನು ಅಗಲವಾಗಿಯೇ ಇಟ್ಟು ತುಟಿಯ ತುದಿ ಮಾತ್ರ ಮೇಲೆತ್ತುತ್ತಾರೆ. ಅದು ಅಂಟಿಸಿದ ನಗು, ನೋಡಿದ ತಕ್ಷಣ ಗೊತ್ತಾಗುತ್ತದೆ. ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ 1893ರಲ್ಲಿ ಬರೆದ ‘ಮಗುವಿನ ಸ್ನಾನ’ ಎಂಬ ಚಿತ್ರ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಹೆಂಗಸಿನ ತೊಡೆ ಮೇಲೆ ಕೂತ ಮಗು, ಅದರ ಕಾಲು ನೀರಿನ ಬೋಗುಣಿಯಲ್ಲಿ. ಇಬ್ಬರೂ ತಲೆ ಬಗ್ಗಿಸಿ ನೀರನ್ನೇ ನೋಡುತ್ತಿದ್ದಾರೆ. ಯಾರ ಮುಖದಲ್ಲೂ ನಗು ಇಲ್ಲ. ಆದರೂ ಆ ಮಗುವಿನ ಮನಸ್ಸು ಎಲ್ಲಿದೆ ಅಂತ ನಮಗೆ ಚೆನ್ನಾಗಿ ತಿಳಿಯುತ್ತದೆ. ನನಗೆ ಬೇಕಾದ್ದು ಅದು.

ತೀರಾ ಎಳೆ ಕೂಸಿನದು ಬೇರೆ ಲೆಕ್ಕ. ಹುಟ್ಟಿದ ಹೊಸತರಲ್ಲಿ ಮಗುವಿಗೆ ಸರಿಯಾಗಿ ಕಾಣುವುದು 20–30 ಸೆಂ.ಮೀ. ದೂರದವರೆಗೆ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ. ಕೋಣೆಯ ಆ ತುದಿಯಲ್ಲಿ ನಿಂತು ‘ತಮಾ, ಇಲ್ಲಿ ನೋಡೋ’ ಎಂದು ಗಿಲಕಿ ಆಡಿಸಿದರೆ ಏನೂ ಪ್ರಯೋಜನ ಇಲ್ಲ. ತಾಯಿಯೋ ಅಜ್ಜಿಯೋ ಎತ್ತಿಕೊಂಡು ಮಾತಾಡಿಸುವಾಗ ಪಕ್ಕದಲ್ಲಿ ಕೂತು ಪೆನ್ಸಿಲ್‌ನಲ್ಲಿ ಗೀಚಿಕೊಳ್ಳುವುದೇ ದಾರಿ.

ಅಳತೆ ತಪ್ಪಿದರೆ ಕೂಸಿನ ಬದಲು ಪುಟ್ಟ ಮುದುಕ ಬಂದು ಕೂರುತ್ತಾನೆ. ದೊಡ್ಡವರ ತಲೆಯಲ್ಲಿ ಕಣ್ಣು ನೆತ್ತಿಗೂ ಗದ್ದಕ್ಕೂ ಸರಿಯಾಗಿ ನಡುವೆ ಬರುತ್ತದೆ. ಮಗುವಿನಲ್ಲಿ ಆ ನಡುಗೆರೆಗಿಂತ ಕೆಳಗೆ. ಹಣೆ ಮತ್ತು ಬುರುಡೆಯೇ ಅರ್ಧಕ್ಕಿಂತ ಜಾಸ್ತಿ ಜಾಗ ತಿನ್ನುತ್ತವೆ. ಕಣ್ಣು, ಮೂಗು, ಬಾಯಿ ಎಲ್ಲ ಕೆಳಗಿನ ಸಣ್ಣ ಜಾಗದಲ್ಲಿ ಒತ್ತಿಕೊಂಡಿರುತ್ತವೆ. ಹುಟ್ಟಿದ ಮಗುವಿನ ತಲೆ ಮೈಯುದ್ದದ ನಾಲ್ಕನೇ ಒಂದು ಪಾಲು. ಕಣ್ಣಿನ ಕಪ್ಪು ಭಾಗ ಹುಟ್ಟುವಾಗಲೇ 10 ಮಿ.ಮೀ. ಹತ್ತಿರ ಅಗಲ ಇರುತ್ತದೆ, ಎರಡು ವರ್ಷಕ್ಕೆಲ್ಲ ಹೆಚ್ಚುಕಡಿಮೆ ದೊಡ್ಡವರದಷ್ಟೇ. ಅದಕ್ಕೇ ಮಗುವಿನ ಕಣ್ಣಲ್ಲಿ ಬಿಳಿ ಕಡಿಮೆ ಕಾಣುವುದು. ಬಿಳಿ ಜಾಸ್ತಿ ಬಿಟ್ಟರೆ ಮಗು ಹೆದರಿದ ಹಾಗಿರುತ್ತದೆ. ನಾನು ಮೊದಲು ಬುರುಡೆಯ ಗುಂಡನ್ನು ಅಂಬರ್ ಎಂಬ ಕಂದು ಬಣ್ಣದಲ್ಲಿ ತೆಳ್ಳಗೆ ಹಾಕಿ, ಅದು ಕ್ಯಾನ್ವಾಸಿನ ಮೇಲೆ ಗಟ್ಟಿಯಾಗಿ ಕೂತ ಮೇಲೆಯೇ ಕಣ್ಣಿಗೆ ಕೈ ಹಾಕುವುದು.

ಇನ್ನು ಬಾಯಿ. ಎರಡು ತುಟಿಗಳ ನಡುವೆ ಗೆರೆ ಎಳೆಯಬೇಡಿ. ಮೇಲಿನ ತುಟಿ ನೆರಳಲ್ಲಿರುತ್ತದೆ, ನಡುವೆ ಸ್ವಲ್ಪ ಮುಂದೆ ಚಾಚಿರುತ್ತದೆ. ಬಾಯಿಯ ಎರಡು ತುದಿ ಕೆನ್ನೆಯ ಮಾಂಸದೊಳಗೆ ಹುದುಗಿ ಹೋಗುತ್ತದೆ. ಅಲ್ಲಿ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಒಂಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿ ಒಂದು ಬೆಚ್ಚಗಿನ ನೆರಳು ಇಟ್ಟು, ಒಣ ಬ್ರಶ್‌ನಿಂದ ಅಂಚನ್ನು ಒರೆಸಿಬಿಡುತ್ತೇನೆ. ಮಗು ಸುಮ್ಮನಿದೆಯೋ, ಇನ್ನೇನು ಅಳುತ್ತದೋ, ಆಶ್ಚರ್ಯ ಪಡುತ್ತಿದೆಯೋ ಎಲ್ಲ ತೀರ್ಮಾನ ಆಗುವುದು ಈ ಎರಡು ಚುಕ್ಕೆಗಳಲ್ಲಿ. ಕೊನೆಗೆ ಕೆಳತುಟಿಯ ಮೇಲೆ ಜೊಲ್ಲಿನ ಹೊಳಪು. ಬಿಳಿಗೆ ಚೂರು ಓಕರ್ ಎಂಬ ಮಣ್ಣಿನ ಹಳದಿ ಬೆರೆಸಿ, ಸಣ್ಣ ಬ್ರಶ್‌ನಲ್ಲಿ ಒಮ್ಮೆ ಇಟ್ಟರೆ ಮುಗಿಯಿತು. ಮತ್ತೆ ಮುಟ್ಟಿದರೆ ಹೊಳಪು ಸತ್ತಂತೆ. ಇಡೀ ಮುಖದಲ್ಲಿ ಚೂಪಾಗಿ ಇರಬೇಕಾದ್ದು ಈ ಹೊಳಪು, ಕಣ್ಣಿನ ಹೊಳಪು, ಮತ್ತೆ ಮೂಗಿನ ಹೊಳ್ಳೆಯ ಕೆಳಗಿನ ಕತ್ತಲು. ಉಳಿದ ಅಂಚೆಲ್ಲ ಮೆತ್ತಗಿರಲಿ.

ಅದಕ್ಕೇ ಕಾಡಿಗೆ ಹಚ್ಚಿದ ಕಣ್ಣು ಅಂದರೆ ನನಗೆ ತಲೆನೋವು. ಅತಿ ಮೆತ್ತಗಿನ ಜಾಗಕ್ಕೆ ಅತಿ ಗಟ್ಟಿ ಗೆರೆ. ಕೂಸಿನ ಕಣ್ಣಿಗೆ ಕಾಡಿಗೆ ಬೇಡ ಅಂತ ಡಾಕ್ಟರೂ ಹೇಳುತ್ತಾರೆ. ಆ ಮಾತನ್ನು ನಾನೂ ಸ್ವಾರ್ಥಕ್ಕೆ ಬಳಸಿಕೊಳ್ಳುತ್ತೇನೆ. ಕೆನ್ನೆಯ ದೃಷ್ಟಿ ಬೊಟ್ಟು ಮಾತ್ರ ಇರಲಿ. ಕೆನ್ನೆ ಎಷ್ಟು ಉಬ್ಬಿದೆ, ಎಲ್ಲಿ ತಿರುಗುತ್ತದೆ ಅನ್ನುವುದನ್ನು ಆ ಬೊಟ್ಟು ಚೆನ್ನಾಗಿ ತೋರಿಸುತ್ತದೆ.

ಎರಡನೇ ಬೇಡಿಕೆ ‘ಸ್ವಲ್ಪ ಬೆಳ್ಳಗೆ ಮಾಡಿ’ ಅನ್ನುವುದು. ಕ್ಯಾಲೆಂಡರಿನ ಬಾಲಕೃಷ್ಣನ ಗುಲಾಬಿ ಕೆನ್ನೆ ಎಲ್ಲರ ತಲೆಯಲ್ಲೂ ಇದೆ. ನಾನು ಒಪ್ಪುವುದಿಲ್ಲ. ಕಂದು ಮೈಗೆ ಬಿಳಿ ಸುರಿದರೆ ಸುಣ್ಣ ಬಳಿದಂತಾಗುತ್ತದೆ, ಕಿವಿಯಂಚಿನ, ಮೂಗಿನ ತುದಿಯ ಕೆಂಪು ಸತ್ತುಹೋಗುತ್ತದೆ. ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಮಕ್ಕಳ ಮೈ ಎಷ್ಟು ಬಣ್ಣ ತೋರಿಸುತ್ತದೆ ನೋಡಿ. ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್, ಒಂದು ಕೆಂಪು, ಬಿಳಿ, ಇಷ್ಟರಲ್ಲೇ ಎಲ್ಲ ಸಿಗುತ್ತದೆ. ಕಪ್ಪು ಬೇಕಿಲ್ಲ. ಕೆಂಪಿಗೆ ಅಲಿಜರಿನ್ ಕ್ರಿಮ್ಸನ್ ಬೇಡ. ಕೆನ್ನೆಯ ಮೇಲೆ ತೆಳ್ಳಗೆ ಹಾಕಿದರೆ ಬೆಳಕಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ಕೆಂಪು ಬಾಳಿಕೆ ಬರುತ್ತದೆ.

ನಮ್ಮ ಮನೆಗಳ ಬೆಳಕಿಗೆ ಅದರದ್ದೇ ಚೇಷ್ಟೆ. ಮಳೆಗಾಲದ ಜಗಲಿಯ ಬೆಳಕು ಮಕ್ಕಳ ಮುಖಕ್ಕೆ ಹೇಳಿ ಮಾಡಿಸಿದ್ದು: ಮೋಡ ದಾಟಿ ಒಂದೇ ಬದಿಯಿಂದ ಮೆಲ್ಲಗೆ ಬರುತ್ತದೆ. ಆದರೆ ಇರಚಲಿಗೆ ನೀಲಿ ತಾಡಪಾಲು ಕಟ್ಟಿದ್ದರೆ ಕೂಸಿನ ಹಣೆಯೆಲ್ಲ ನೀಲಿ. ಕೆಂಪು ಗಾರೆ ನೆಲ ಗದ್ದದ ಅಡಿಗೆ ಕೆಂಪು ಎರಚುತ್ತದೆ. ತಾಡಪಾಲನ್ನು ಅರ್ಧ ತಾಸು ಎತ್ತಿಸುತ್ತೇನೆ. ನೆಲದ ಕೆಂಪನ್ನು ಮಾತ್ರ ಬಿಡುವುದಿಲ್ಲ, ಗದ್ದದಡಿಯ ನೆರಳಿಗೆ ಅದು ಜೀವ ಕೊಡುತ್ತದೆ. ಕಾರವಾರದ ಕಡಲಂಚಿನ ಮಧ್ಯಾಹ್ನದ ಬಿಸಿಲಲ್ಲಿ ಮಗು ಕಣ್ಣೇ ಬಿಡುವುದಿಲ್ಲ, ಸುಮ್ನೆ ಪ್ರಯತ್ನ ಬೇಡ.

ಒಂದೂವರೆ ವರ್ಷದ ಮಾಣಿ ಕೂತಲ್ಲಿ ಕೂರುವುದಿಲ್ಲ, ಹಾಗಾಗಿ ಫೋಟೋ ಬೇಕೇ ಬೇಕು. ಫ್ಲ್ಯಾಶ್ ಬೇಡ, ಮುಖ ನುಣುಪು ಮಾಡುವ ಫಿಲ್ಟರ್ ಬೇಡ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದರೆ ಮೂಗು, ಹಣೆ ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಐದಾರು ಅಡಿ ಹಿಂದೆ ನಿಂತು ಜೂಮ್ ಮಾಡಿ.

‘ಶ್ರಾವಣಕ್ಕೆ ಸಿಗ್ತದಾ?’ ಅಂತ ಜೂನ್ ತಿಂಗಳಲ್ಲಿ ಕೇಳುವವರಿಗೆ ನನ್ನ ಉತ್ತರ ಇಲ್ಲ ಅಂತಲೇ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತಂಪು, ತೇವದ ದಿನಗಳಲ್ಲಿ ಅದು ನಿಧಾನ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಟೈಟಾನಿಯಂ ಬಿಳಿ ಜಾಸ್ತಿ ಇರುವ ಕೆನ್ನೆ ತಡ. ಕೆಳಗಿನ ಪದರಕ್ಕೆ ಬಣ್ಣ ತೆಳು ಮಾಡುವ ಟರ್ಪೆಂಟೈನ್, ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮುಂದೆ ಬಿರುಕು. ವಾರ್ನಿಶ್ ಕನಿಷ್ಠ ಆರು ತಿಂಗಳ ನಂತರ, ಅದೂ ಒಣ ಹವೆಯಲ್ಲಿ. ತೇವದಲ್ಲಿ ಹಚ್ಚಿದರೆ ಮಂಜು ಕಟ್ಟಿದಂತೆ ಬೆಳ್ಳಗಾಗುತ್ತದೆ.

ಮನೆಗೆ ಒಯ್ದ ಮೇಲೆ ಮಳೆ ಬಡಿಯುವ ಹೊರಗೋಡೆಗೆ ತೂಗಬೇಡಿ. ಒಳಗೋಡೆಯಾದರೂ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ, ಗಾಳಿ ಆಡಲಿ. ಇಲ್ಲದಿದ್ದರೆ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಬರುತ್ತದೆ. ಹತ್ತಿಯ ಕ್ಯಾನ್ವಾಸು ಮಳೆಗಾಲದಲ್ಲಿ ಜೋತು ಬೀಳುವುದು ಮಾಮೂಲು. ಗಾಬರಿ ಬೇಡ, ಹಿಂದಿನ ಮೂಲೆಗಳಲ್ಲಿ ಪುಟ್ಟ ಮರದ ಬೆಣೆಗಳಿರುತ್ತವೆ, ಅವನ್ನು ಮೆಲ್ಲಗೆ ತಟ್ಟಿದರೆ ಮತ್ತೆ ಬಿಗಿಯಾಗುತ್ತದೆ.